ಹೊಗಳಿಕೆಯ ಕಾಯಿಲೆ

"ಆಹಾ, ಎಷ್ಟು ಚೆನ್ನಾಗಿ ಕಾಜ ಹೊಲಿದಿದೀಯ ಕಣೇ!" ಎಂದು ದರ್ಜಿ ಹೇಳಿದಾಗ ಅವನ ಹೆಂಡತಿಯ ಎದೆ ಧಸಕ್ಕೆಂದಿತು.

ಮದುವೆಯಾದಂದಿನಿಂದ ಅವಳು ಹೊಲಿದ ಒಂದೊಂದು ಕಾಜವನ್ನೂ ಬೆಳಕಿಗೆ ಹಿಡಿದು, "ಇದೇನು ಗುಂಡಿಗೋ, ಇಲಿ ತೂರೋದಕ್ಕೋ?" ಎಂದು ಕಾಲೆಳೆಯದೆ ಅಂಗಿಯನ್ನು ಇಸ್ತ್ರಿಗೆ ಬಿಟ್ಟವನಲ್ಲ. ಇವತ್ತು ಸೊಟ್ಟ ಕಾಜ ಹಿಡಿದುಕೊಂಡು ಹೊಗಳುತ್ತಿದ್ದಾನೆ! ಮುಂಗೈ ತುಂಬ ಸಾಸಿವೆಯಷ್ಟು ಕೆಂಪು ಚುಕ್ಕೆಗಳು ಬೇರೆ. ಕೇಳಿದರೆ, "ಸೂಜಿ ಚುಚ್ಚಿರಬೇಕು ಬಿಡು" ಎಂದ. ಇಷ್ಟು ಸಲ ಕೈಗೆ ಸೂಜಿ ಚುಚ್ಚಿಕೊಳ್ಳುವ ದರ್ಜಿಯನ್ನು ಅವಳು ಮದುವೆಯಾಗಿರಲಿಲ್ಲ. ಅಂಗಡಿಗೆ ಬೀಗ ಜಡಿದು ಅವನನ್ನು ಸೀದಾ ಆಸ್ಪತ್ರೆಗೆ ಎಳೆದೊಯ್ದಳು.

"ಏನಾಗ್ತಿದೆ ಇವರಿಗೆ?" ಎಂದರು ಡಾಕ್ಟರಮ್ಮ.

"ಹೊಗಳ್ತಿದಾರೆ ಡಾಕ್ಟ್ರೇ."

"ನಮ್ಮನೆಯವರಿಗೂ ಬರಬಾರದಾ ಈ ಕಾಯಿಲೆ!" ಎಂದು ನಗುತ್ತಲೇ ಡಾಕ್ಟರಮ್ಮ ಅವನ ಕೈ ತಿರುಗಿಸಿ ನೋಡಿದರು. ನಗು ನಿಂತಿತು. "ಇವತ್ತು ಯಾವ ವಾರ?" ಎಂದು ಅವನನ್ನು ಕೇಳಿದರು. ದರ್ಜಿ ಬಹಳ ಯೋಚಿಸಿ, "ನಿಮ್ಮ ಕೋಟು ಚೆನ್ನಾಗಿದೆ" ಎಂದ.

ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಪಾತಾಳ ಸೇರಿತ್ತು. "ಲಕ್ಷ ಜನದಲ್ಲಿ ಒಬ್ಬರಿಗೂ ಬರದ ಕಾಯಿಲೆ ಅಮ್ಮ ಇದು. ಮೈ ಕಾಯಬೇಕಾದ ಶಕ್ತಿ ಮೈಮೇಲೇ ತಿರುಗಿಬಿದ್ದಿದೆ. ಸಣ್ಣ ಸಣ್ಣ ರಕ್ತನಾಳದಲ್ಲೆಲ್ಲ ರಕ್ತ ಹೆಪ್ಪುಗಟ್ತಿದೆ, ಮಿದುಳಲ್ಲೂ. ಅದಕ್ಕೇ ಈ ಮಾತು. ನಾಳೆವರೆಗೆ ಕಾದಿದ್ರೆ ಜೀವಕ್ಕೇ ಅಪಾಯ ಇತ್ತು."

"ಅಂಥಾದ್ದನ್ನೇ ಹುಡುಕಿ ತಂದಿದಾರೆ ನೋಡಿ. ಎಲ್ಲರ ಥರ ಇರೋಕೆ ಆಗಲ್ಲ ಇವರಿಗೆ" ಎಂದ ಹೆಂಡತಿಗೆ ಮಾತು ಮುಗಿಯುವಷ್ಟರಲ್ಲಿ ಅಳು ನುಗ್ಗಿ ಬಂತು.

ಅವನ ಪ್ಲಾಸ್ಮಾ ತೆಗೆದು ದಾನಿಗಳದ್ದನ್ನು ತುಂಬುವ ಯಂತ್ರ ದಿನವೂ ಮಂಚದ ಪಕ್ಕ ಗುಂಯ್‌ಗುಟ್ಟಿತು. ಒಂದು ಬೆಳಿಗ್ಗೆ ಅವನು ಹೊದಿಕೆಯ ಅಂಚು ಎತ್ತಿ ನೋಡಿ, "ಯಾವನೇ ಇದನ್ನ ಹೊಲಿದೋನು? ಕಾಲಲ್ಲಿ ಹೊಲಿದನಾ?" ಎಂದ. ಅವಳಿಗೆ ಹೋದ ಜೀವ ಬಂದಂತಾಯಿತು.

ಮನೆಗೆ ಕಳಿಸುವಾಗ ಡಾಕ್ಟರಮ್ಮ, "ಇದು ಮತ್ತೆ ಬರಬಹುದು. ಮಾತಲ್ಲಿ ಸ್ವಲ್ಪ ವ್ಯತ್ಯಾಸ ಕಂಡ್ರೂ ತಕ್ಷಣ ಕರ್ಕೊಂಡು ಬನ್ನಿ" ಎಂದು ಅವಳಿಗೆ ಒತ್ತಿ ಹೇಳಿದರು.

ಈಗ ಫಜೀತಿ ದರ್ಜಿಯದು. ಪ್ರಾಣ ಉಳಿಸಿದವಳಿಗೆ ಒಂದು ಒಳ್ಳೆಯ ಮಾತು ಹೇಳೋಣವೆಂದರೆ ಅವಳು ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ಹೊರಟೇಬಿಡುತ್ತಾಳೆ. ಮುಂದಿನ ತಪಾಸಣೆಯವರೆಗೂ ಅವನು ಮಾತನ್ನು ಗಂಟಲಲ್ಲೇ ಇಟ್ಟುಕೊಂಡ. ಅಂದು ರಕ್ತದ ರಿಪೋರ್ಟ್ ನೋಡಿ ಡಾಕ್ಟರಮ್ಮ, "ಎಲ್ಲ ಸರಿಯಾಗಿದೆ" ಎಂದದ್ದೇ ತಡ, ಹೆಂಡತಿಯ ಕಡೆ ತಿರುಗಿದ.

"ಕೇಳಿಸ್ಕೊಂಡ್ಯಾ? ಹಾಗಾದ್ರೆ ಈಗ ನಾನು ಹೇಳೋದನ್ನ ನೀನು ನಂಬಲೇಬೇಕು."