ಕಣಿವೆಗೆ ಅನುಮತಿ

"ಬಿಚ್ಚಿ," ಎಂದ ಕಸ್ಟಮ್ಸ್ ಅಧಿಕಾರಿ.

ಮೈದುನ ಪೆಟ್ಟಿಗೆ ಬಿಚ್ಚಿದ. ಸ್ಪಂಜಿನ ಗುಳಿಯಲ್ಲಿ ಡ್ರೋನ್ ರೆಕ್ಕೆ ಮಡಚಿ ಮಲಗಿತ್ತು. ಪಕ್ಕದಲ್ಲಿ ಮೂರು ಬ್ಯಾಟರಿ. ವಿಮಾನದ ನಿಯಮದಂತೆ ಅವುಗಳ ತುದಿಗೆ ಅತ್ತಿಗೆ ತಾನೇ ಟೇಪು ಅಂಟಿಸಿದ್ದಳು. ಅಧಿಕಾರಿ ಯಾವುದನ್ನೂ ಮುಟ್ಟಲಿಲ್ಲ. ಇಬ್ಬರ ಮುಖವನ್ನೂ ನೋಡಿದ. ಒಬ್ಬ ಗಂಡಸು, ಒಬ್ಬಳು ಹೆಂಗಸು, ಗಂಡ ಹೆಂಡತಿಯಲ್ಲ. ಅವಸರದಲ್ಲಿ ತೆಗೆದ ವೀಸಾ. ಹಾರುವ ಕ್ಯಾಮೆರಾ.

"ಏನು ನೋಡೋಕೆ ಬಂದಿದ್ದೀರಿ?"

"ನನ್ನ ಗಂಡನ್ನ," ಎಂದಳು ಅತ್ತಿಗೆ.

ಅವಳ ಗಂಡ ಈ ದೇಶದಲ್ಲಿ ರೋಪ್‌ವೇ ರಿಪೇರಿಯ ಕೆಲಸದಲ್ಲಿದ್ದ. ಹಿಂದಿನ ಭಾನುವಾರ ರಜೆಯೆಂದು ಒಬ್ಬನೇ ಬೆಟ್ಟ ಹತ್ತಿದವನು ಇಳಿದು ಬಂದಿರಲಿಲ್ಲ. ಅವನ ಫೋನಿನ ಸುಳಿವು ಒಂದು ಕಣಿವೆಯ ಬಾಯಲ್ಲಿ ನಿಂತುಹೋಗಿತ್ತು. ಅಲ್ಲಿನವರು ಹುಡುಕುತ್ತಿದ್ದರು. ಆದರೆ ತಮ್ಮನಿಗೆ ಸುಮ್ಮನೆ ಕೂರಲಾಗಲಿಲ್ಲ. ಎತ್ತರದ ಕಟ್ಟಡಗಳ ಗೋಡೆಯಲ್ಲಿ ಡ್ರೋನ್ ಹಾರಿಸಿ ಬಿರುಕು ಹುಡುಕುವುದೇ ಅವನ ಕಸುಬು.

"ಕೂದಲೆಳೆಯಂಥ ಬಿರುಕು ಹಿಡಿದುಕೊಟ್ಟಿದ್ದೀನಿ ಅತ್ತಿಗೆ. ಆರಡಿ ಅಣ್ಣ ಸಿಗಲ್ವಾ?" ಎಂದಿದ್ದ.

ಕಸ್ಟಮ್ಸ್‌ನವರು ಪೆಟ್ಟಿಗೆಗೆ ಮೊಹರು ಹಾಕಿ, ಬೆಟ್ಟದ ಬುಡದ ಪಟ್ಟಣದಲ್ಲಿದ್ದ ವಾಯುಯಾನ ಕಚೇರಿಗೆ ಕಳಿಸಿದರು.

ಅಲ್ಲಿನ ಗುಮಾಸ್ತ ನಿವೃತ್ತಿಯ ಅಂಚಿನವನು. ಅರ್ಜಿಯ ಮೇಲೆ ನಿಧಾನವಾಗಿ ನಾಲ್ಕು ಕಡೆ ಕೆಂಪು ಗುರುತು ಹಾಕಿದ. ನೋಂದಣಿ ಇಲ್ಲ. ವಿಮೆ ಇಲ್ಲ. ಈ ದೇಶದ ಪರೀಕ್ಷೆ ಪಾಸಾಗಿಲ್ಲ. ನಾಲ್ಕನೆಯದು, ಕಣಿವೆ ಮುಚ್ಚಿದ ವಲಯ.

"ನಮ್ಮ ಕಡೆ ಲೈಸೆನ್ಸ್ ಇದೆ ಸಾರ್. ಏಳು ವರ್ಷದಿಂದ ಹಾರಿಸ್ತಿದ್ದೀನಿ."

"ಅದು ನಿಮ್ಮ ಆಕಾಶಕ್ಕೆ."

"ಹಾಗಾದ್ರೆ ಈ ಕಣಿವೆ ಯಾವಾಗ ತೆರೀತೀರಿ?"

ಗುಮಾಸ್ತ ಪೆನ್ನಿಗೆ ಮುಚ್ಚಳ ಹಾಕಿದ. "ಅದಕ್ಕೆ ಅವಸರ ಮಾಡಬೇಡಿ. ಮೊದಲು ಉಳಿದ ಮೂರು ಮಾಡ್ಕೊಳ್ಳಿ."

ಹೊರಗೆ ಬಂದು ಮೈದುನ ಹಲ್ಲು ಕಡಿದ. "ನೋಡಿದ್ರಾ? ಅಣ್ಣ ಅಲ್ಲಿ ಚಳೀಲಿ ಕೂತಿದ್ದಾನೆ, ಇವನಿಗೆ ಅವಸರವೇ ಇಲ್ಲವಂತೆ. ಕಲ್ಲು ಮನುಷ್ಯ."

"ಬೈಯೋದು ಆಮೇಲೆ. ವಿಮೆಯವರು ನಾಲ್ಕಕ್ಕೆ ಬಾಗಿಲು ಹಾಕ್ತಾರೆ."

ಅತ್ತಿಗೆ ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡುವವಳು. ಖಾಲಿ ಬಿಟ್ಟ ಕಾಲಂ ಕಂಡರೆ ಅವಳಿಗೆ ನಿದ್ದೆ ಬಾರದು. ಆ ಸಂಜೆಯೊಳಗೆ ವಿಮೆಯಾಯಿತು, ನೋಂದಣಿಯಾಯಿತು, ಡ್ರೋನಿನ ಹೊಟ್ಟೆಗೆ ಅಂಟಿಸಬೇಕಾದ ಸಂಖ್ಯೆಯೂ ಬಂತು. ಪರೀಕ್ಷೆಯೊಂದು ಉಳಿಯಿತು.

ಬೆಳಗ್ಗೆ ಆರಕ್ಕೆ ಹೆಲಿಕಾಪ್ಟರ್ ಲಾಡ್ಜಿನ ಗಾಜುಗಳನ್ನು ಅದುರಿಸಿಕೊಂಡು ಬೆಟ್ಟದ ಕಡೆ ಹೋಗುತ್ತಿತ್ತು. ಅವರಿಗೆ ಬೇರೆ ಅಲಾರಂ ಬೇಕಿರಲಿಲ್ಲ.

"ಅಷ್ಟು ಮೇಲಿಂದ ಏನು ಕಾಣುತ್ತೆ?" ಎಂದು ಮೈದುನ ಗೊಣಗುತ್ತಿದ್ದ. "ಬಂಡೆ ಅಡಿಗೆ ನುಗ್ಗಬೇಕು. ಅದು ನನ್ನದಕ್ಕೆ ಮಾತ್ರ ಆಗೋದು."

ಮೊದಲ ದಿನ ಅವನು ಮೂರು ಅಂಕದಲ್ಲಿ ಫೇಲಾದ. ಲಾಡ್ಜಿನ ಊಟದ ಕೋಣೆಯಲ್ಲಿ ಅತ್ತಿಗೆ ನಿಯಮಗಳ ಹಾಳೆ ಹರಡಿ ಕೂತಳು.

"ಹೆಲಿಕಾಪ್ಟರ್ ಬಂದ್ರೆ ಏನು ಮಾಡ್ತೀಯ? ಏನಂತ ಬರೆದೆ?"

"ಪಕ್ಕಕ್ಕೆ ಸರಿಸ್ತೀನಿ ಅಂತ."

"ಸರಿಸೋದಲ್ಲ ಮಹಾರಾಯ, ಇಳಿಸೋದು. ಅದು ಅಲ್ಲಿರೋವರೆಗೂ ನಿಂದು ಮೇಲೇಳಬಾರದು."

"ಸರಿ ಟೀಚರಮ್ಮ."

"ನಿಮ್ಮಣ್ಣ ಸಿಗಲಿ, ಮೊದಲು ಹೇಳೋದೇ ಇದನ್ನ. ನಿಮ್ಮ ತಮ್ಮ ಡುಮ್ಕಿ ಹೊಡೆದ ಅಂತ."

"ಧಾರಾಳವಾಗಿ ಹೇಳಿ. ನನ್ನ ಹತ್ತನೇ ಕ್ಲಾಸಿನ ಕಥೆಯನ್ನೂ ಸೇರಿಸಿ ಅವನು ಊರೆಲ್ಲ ಸಾರ್ತಾನೆ."

ಇಬ್ಬರೂ ನಕ್ಕರು. ನಕ್ಕಿದ್ದು ನೆನಪಾದ ಕೂಡಲೇ ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡಳು. ಮೈದುನ ಹಾಳೆಯ ಕಡೆ ನೋಡುತ್ತ, "ಮುಂದಿನ ಪ್ರಶ್ನೆ ಕೇಳಿ," ಎಂದ.

ಮಾರನೆಯ ದಿನ ಪಾಸಾದ. ನಲವತ್ತಕ್ಕೆ ಮೂವತ್ತೇಳು. ಮೂರೂ ಕಾಗದ ಜೋಡಿಸಿ ಕಿಟಕಿಯಲ್ಲಿ ಕೊಟ್ಟಾಗ ಗುಮಾಸ್ತ ಅಂಕಪಟ್ಟಿಯನ್ನು ಬಹಳ ಹೊತ್ತು ನೋಡಿದ. "ಚೆನ್ನಾಗಿ ಮಾಡಿದ್ದೀರಿ. ನಾಳೆ ಬನ್ನಿ," ಎಂದ. ದನಿ ಮೆತ್ತಗಿತ್ತು.

"ಕರಗಿದ," ಎಂದ ಮೈದುನ ಮೆಟ್ಟಿಲಿಳಿಯುತ್ತ. "ಮೂವತ್ತೇಳು ನೋಡಿ ಕರಗಿದ."

ಆ ರಾತ್ರಿ ಇಬ್ಬರಿಗೂ ಕಣ್ತುಂಬ ನಿದ್ದೆ. ಎಚ್ಚರವಾದಾಗ ಎಂಟು ಗಂಟೆ, ಕಿಟಕಿಯ ತುಂಬ ಬಿಸಿಲು. ಅತ್ತಿಗೆ ಗಾಬರಿಯಿಂದ ತಲೆ ಬಾಚಿಕೊಂಡಳು. ಇಷ್ಟು ಹೊತ್ತು ಹೇಗೆ ಮಲಗಿಬಿಟ್ಟೆವೋ ಎಂದು ತನ್ನನ್ನೇ ಬೈದುಕೊಂಡಳು.

ಕಚೇರಿಯಲ್ಲಿ ಗುಮಾಸ್ತ ಎದ್ದು ನಿಂತಿದ್ದ. ಪೆಟ್ಟಿಗೆಯ ಮೊಹರು ಒಡೆದಿತ್ತು. ಅದರ ಮೇಲೆ ಸಹಿ, ಮುದ್ರೆ ಎಲ್ಲ ಬಿದ್ದ ಅನುಮತಿಪತ್ರ.

"ಕಣಿವೆಗೂ?"

"ಕಣಿವೆಗೂ."

"ಎಷ್ಟು ದಿನಕ್ಕೆ ಸಾರ್?"

"ನಿಮಗೆ ಬೇಕಾದಷ್ಟು ದಿನ."

ಮೈದುನ ಕಿಟಕಿಯೊಳಗೆ ತೋಳು ಚಾಚಿ ಆತನ ಎರಡೂ ಕೈ ಹಿಡಿದುಕೊಂಡ. "ನಿಮ್ಮನ್ನ ಬೈದಿದ್ದೆ ಸಾರ್. ತಪ್ಪಾಯ್ತು. ಅಣ್ಣ ಸಿಕ್ಕಿದ ತಕ್ಷಣ ಕರ್ಕೊಂಡು ಬಂದು ನಿಮಗೆ ತೋರಿಸ್ತೀನಿ."

ಗುಮಾಸ್ತ ಕೈ ಬಿಡಿಸಿಕೊಳ್ಳಲಿಲ್ಲ. "ದಯವಿಟ್ಟು ಪೂರ್ತಿ ಓದಿಕೊಳ್ಳಿ," ಎಂದಷ್ಟೇ ಹೇಳಿದ.

"ದಾರೀಲಿ ಓದೋಣ, ನಡೀರಿ ಅತ್ತಿಗೆ. ಬೆಳಕು ಚೆನ್ನಾಗಿದೆ." ಆಗಲೇ ಅವನು ಬ್ಯಾಟರಿಯ ಟೇಪು ಕೀಳುತ್ತಿದ್ದ.

ಓದದೆ ಯಾವ ಕಾಗದವನ್ನೂ ಒಪ್ಪಿಕೊಂಡವಳಲ್ಲ ಅತ್ತಿಗೆ. ಸಾಲಿನ ಕೆಳಗೆ ಬೆರಳಿಟ್ಟು, ಅವನಿಗೂ ಕೇಳಿಸಲೆಂದು ಗಟ್ಟಿಯಾಗಿ ಓದತೊಡಗಿದಳು. ನೂರಿಪ್ಪತ್ತು ಮೀಟರ್ ಮೀರಬಾರದು. ಡ್ರೋನ್ ಕಣ್ಣಳತೆ ದಾಟಬಾರದು. ಸೂರ್ಯಾಸ್ತದೊಳಗೆ ಇಳಿಸಬೇಕು. ಮೈದುನ ಒಂದೊಂದಕ್ಕೂ ಹೂಂಗುಟ್ಟುತ್ತಿದ್ದ. ಕೊನೆಯ ಸಾಲನ್ನು ಅವಳು ಗಟ್ಟಿಯಾಗಿ ಓದಲಿಲ್ಲ.

"ಶೋಧಕಾರ್ಯವನ್ನು ನಿನ್ನೆ ಸಂಜೆಗೆ ಕೈಬಿಟ್ಟಿರುವ ಕಾರಣ, ಕಣಿವೆಯ ಮೇಲಿನ ಹಾರಾಟಕ್ಕೆ ಇನ್ನು ಯಾವ ಅಡ್ಡಿಯೂ ಇರುವುದಿಲ್ಲ."