ಆಯುಧಪೂಜೆಯ ಮರುದಿನ

ಬೆಳಿಗ್ಗೆ ನೀಲಾಂಬಿಕಾಳ ಕಾರು ಹಟ ಹಿಡಿಯಿತು. ಒಳಗೆ ಉಸಿರಾಡುವ ಗಾಳಿ ಇದೆಯೆಂದು ಆಕ್ಸಿಜನ್ ಸೆನ್ಸರ್ ಹೇಳದೆ, ಹೊರಗಿನ ಗಾಳಿ ಕೆಟ್ಟುಹೋದ ಹುಬ್ಬಳ್ಳಿಯಲ್ಲಿ ಈಗ ಯಾವ ಕಾರೂ ಚಾಲೂ ಆಗುವುದಿಲ್ಲ. ಮಧ್ಯಾಹ್ನದೊಳಗೆ ಕಲ್ಲುಗಣಿಯಲ್ಲಿದ್ದ ಗಂಡನಿಗೆ ಅವಳು ಗಾಳಿಯ ಸಿಲಿಂಡರ್ ಮುಟ್ಟಿಸಬೇಕಿತ್ತು.

“ಮೆಕ್ಯಾನಿಕ್‌ನ ಕರಿ, ನೀಲಾ,” ಎಂದರು ಅತ್ತೆ ಬಸಲಿಂಗವ್ವ, ಮಾಸ್ಕಿನೊಳಗಿಂದ.

“ಅಂವಾ ಬರೂದ್ರಾಗ ನಿಮ್ಮ ಮಗನ ಗಾಳಿ ಮುಗೀತೈತಿ. ನಾನೇ ಹೊಸಾ ಸೆನ್ಸರ್ ಹಾಕ್ತೀನಿ ಬಿಡ್ರಿ, ಅತ್ತಿ.”

ಎಲ್ಲರ ಡಿಕ್ಕಿಯಲ್ಲೂ ಇರುವಂತೆ ಅವಳ ಡಿಕ್ಕಿಯಲ್ಲೂ ಸ್ಟೆಪ್ನಿಯ ಪಕ್ಕ ಹೊಸ ಸೆನ್ಸರ್ ಇತ್ತು. ಹಳೆಯದರ ವೈರು ಬಿಚ್ಚಿದಳು. ಬಿಗಿದುಕೊಂಡಿದ್ದ ತಿರುಪಿಗೆ ಎಣ್ಣೆ ಬಿಟ್ಟು, ಅದು ಇಳಿಯುವವರೆಗೆ ಕಾದು, ಪಾನಾ ಹಾಕಿ ತಿರುಗಿಸಿದಳು. ಕೈಗೆ ಬಂದ ಸೆನ್ಸರಿನ ಬಾಯಿ ತುಂಬ ಕುಂಕುಮ ಮೆತ್ತಿತ್ತು.

ಅವಳು ಅತ್ತೆಯ ಕಡೆ ನೋಡಿದಳು.

“ಉಸಿರು ಕಾಯೋದು ಅದಽ ಅಲ್ಲೇನವಾ? ನಿನ್ನೆ ಪೂಜಾದಾಗ ಅದಕ್ಕಽ ಮದ್ಲ ಹಚ್ಚಿದೆ.”

ನೀಲಾಂಬಿಕಾ ಹೊಸದನ್ನು ಮೊದಲು ಕೈಯಿಂದಲೇ ತಿರುಗಿಸಿ, ಆಮೇಲೆ ಪಾನಾದಿಂದ ಬಿಗಿ ಮಾಡಿದಳು. ಕೀಲಿ ತಿರುಗಿಸಿದೊಡನೆ ಹಸಿರು ದೀಪ ಹತ್ತಿ ಕಾರು ಗುರ್ರೆಂದಿತು.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಕುಂಕುಮದ ಭರಣಿ ತಂದರು. “ಹೊಸಾದು, ಒಂದೀಟು ಹಚ್ತೀನಿ.”

ನೀಲಾಂಬಿಕಾ ಕಾರಿನಿಂದ ಹಣೆ ಮುಂದೆ ಚಾಚಿದಳು.

“ಇಲ್ಲಿ ಹಚ್ರಿ. ನಿಮ್ಮ ಮಗನ ಉಸಿರು ಇವತ್ತ ನಾನು ಕಾಯ್ತೀನಿ.”