ಖಳನಾಯಕನ ಕಡೆಯ ಸಾವು

ನಾಟಕ ಕಂಪನಿಯಲ್ಲಿ ಅವರು ನಲವತ್ತು ವರ್ಷ ಖಳನಾಯಕನಾಗಿ ಸತ್ತವರು. ಆ ದಿನ ಅವರ ಕಡೆಯ ಪ್ರಯೋಗ. ನಾಯಕ ಕಟ್ಟಿಗೆಯ ಕತ್ತಿಯಿಂದ ಮೂರು ಸಲ ತಿವಿದರೂ ಅವರು ಬೀಳಲಿಲ್ಲ.

"ಕಾಕಾ, ಸಾಯ್ರೀ!" ನಾಯಕ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ.

"ಇವತ್ತೊಂದಿನ ಸಾಯೂದಿಲ್ಲೋ ತಮ್ಮಾ."

"ಯಾಕ್ರೀ? ನಿನ್ನೆ ಮಂದಿ ಒನ್ಸ್ ಮೋರ್ ಅಂದಾಗ ಎದ್ದು ಮತ್ತ ಸತ್ರಲ್ಲ?"

"ಮುಂದಿನ ಸಾಲಿನ್ಯಾಗ ನಮ್ಮ ಮನ್ಯಾಕಿ ಕುಂತಾಳ. ನಾಟಕ ನೋಡಾಕ ಬಂದಿದ್ದು ಇದ ಮೊದಲ್ನೇ ಸಲ. ನಾ ಸಾಯೂದು ನೋಡಿ ಆಕಿ ತಡಕೊಳ್ಳೂದಿಲ್ಲ."

"ಮುಂದಿನ ಸೀನಿನ್ಯಾಗ ನನ್ನ ಲಗ್ನ ಐತ್ರೀ ಕಾಕಾ! ನೀವು ಸಾಯಲಿಲ್ಲಂದ್ರ ನಾ ಹೆಂಗ ತಾಳಿ ಕಟ್ಟಲಿ?"

ಪರದೆಯ ಮರೆಯಲ್ಲಿ ಹಾರ ಹಿಡಿದು ನಿಂತಿದ್ದ ನಾಯಕಿ ಕಣ್ಣು ಕೆಕ್ಕರಿಸಿದಳು. ಅವಳ ಪಕ್ಕದಲ್ಲಿ ಕಂಪನಿಯ ಮಾಲೀಕರು ಕೈ ಮುಗಿದರು. ಬೇರೆ ದಾರಿ ಕಾಣದೆ ಕಾಕಾ ಎದೆ ಹಿಡಿದುಕೊಂಡು, ಎರಡು ಸುತ್ತು ತಿರುಗಿ, ಹೆಂಡತಿಯ ಕಡೆ ತಪ್ಪಾಯಿತೆಂಬಂತೆ ನೋಡಿ ದೊಪ್ಪನೆ ಬಿದ್ದರು.

ಚಪ್ಪಾಳೆಯೂ ಇಲ್ಲ, ಸಿಳ್ಳೆಯೂ ಇಲ್ಲ. ಮುಂದಿನ ಸಾಲಿನಲ್ಲಿ ಅವರ ಹೆಂಡತಿಯೊಬ್ಬರೇ ಎದ್ದು ನಿಂತು, ಎರಡೂ ಕೈ ಮೇಲೆತ್ತಿ ಕೂಗಿದರು:

"ಒನ್ಸ್ ಮೋರ್!"